ಸ್ಪೇನ್‌ನ ಕೋಸ್ಟಾ ದೆಲ್ ಸೋಲ್‌ಗೆ ಒಂದು ವಾರದ ಗಾಲ್ಫ್ ಪ್ರವಾಸ: ನಮ್ಮ ಯೋಜನೆ ಸರಿಯಾಗಿದೆಯೇ?

ನಮಸ್ಕಾರ. ನಿಮ್ಮ ಪ್ರಶ್ನೆಯ ಸಾರಾಂಶ ನನಗೆ ಅರ್ಥವಾದಂತೆ ಹೀಗಿದೆ. ಮೈಸೂರಿನಿಂದ ನೀವು ನಾಲ್ವರು, ಅಂದರೆ ಐವತ್ತೈದು ದಾಟಿದ ಇಬ್ಬರು ಗೆಳೆಯರು ಮತ್ತು ನಿಮ್ಮ ಪತ್ನಿಯರು, ದಕ್ಷಿಣ ಸ್ಪೇನ್‌ನ ಕೋಸ್ಟಾ ದೆಲ್ ಸೋಲ್ ಕರಾವಳಿಗೆ ಹೋಗಬೇಕೆಂದಿದ್ದೀರಿ. ಗಂಡಸರ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತಿಳಿಸುವ ಸಂಖ್ಯೆ, ಕಡಿಮೆಯಿದ್ದಷ್ಟೂ ಆಟ ಉತ್ತಮ) 18 ಮತ್ತು 24. ಪತ್ನಿಯರಲ್ಲಿ ಒಬ್ಬರು ಈಗಷ್ಟೇ ಆಟ ಕಲಿಯುತ್ತಿದ್ದಾರೆ, ಇನ್ನೊಬ್ಬರು ಆಡುವುದಿಲ್ಲ. ಟಿಕೆಟ್ ಮತ್ತು ಗ್ರೀನ್ ಫೀ, ಅಂದರೆ ಕೋರ್ಸ್‌ನಲ್ಲಿ ಆಡುವ ಶುಲ್ಕ, ಎರಡೂ ಕಡಿಮೆಗೆ ಸಿಗುತ್ತಿರುವುದರಿಂದ ಜುಲೈ ತಿಂಗಳನ್ನು ಆರಿಸಿಕೊಂಡಿದ್ದೀರಿ. ಏಳು ದಿನಗಳಲ್ಲಿ ಆರು ಬೇರೆ ಬೇರೆ ಕೋರ್ಸ್‌ಗಳಲ್ಲಿ ಆಡುವ ಪಟ್ಟಿ ಮಾಡಿಕೊಂಡಿದ್ದೀರಿ, ಅದರಲ್ಲಿ ಹೆಸರಾಂತ ವಾಲ್ಡೆರಾಮಾ ಕೋರ್ಸ್ ಇರಲೇಬೇಕೇ ಎಂದು ಕೇಳಿದ್ದೀರಿ.

ಬೆಂಗಳೂರಿನಿಂದ ನಾನು ಅದೇ ಕರಾವಳಿಗೆ ಎರಡು ಬಾರಿ ಹೋಗಿ ಬಂದಿದ್ದೇನೆ, ಮೊದಲು ಒಂದು ಜುಲೈನಲ್ಲಿ, ಆಮೇಲೆ ಒಂದು ಏಪ್ರಿಲ್ ಕೊನೆಯಲ್ಲಿ. ಈ ಎರಡು ಪ್ರವಾಸಗಳ ಅನುಭವದ ಮೇಲೆ ಹೇಳುವುದಾದರೆ, ಜುಲೈ ಬೇಡ, ಆರು ಸುತ್ತು ಬೇಡ. ಒಂದೇ ಊರಿನಲ್ಲಿ ಬಿಡಾರ ಹೂಡಿ, ನಾಲ್ಕು ಸುತ್ತು ಮಾತ್ರ ಆಡಿ. ಪಟ್ಟಿಯನ್ನು ನಿಮ್ಮಲ್ಲಿ ಚೆನ್ನಾಗಿ ಆಡುವವರನ್ನು ನೋಡಿ ಮಾಡಬೇಡಿ, ಹೊಸದಾಗಿ ಕಲಿಯುತ್ತಿರುವವರನ್ನು ಮತ್ತು ಆಡದೇ ಇರುವವರನ್ನು ನೋಡಿ ಮಾಡಿ.

ಮೊದಲು ಬಿಸಿಲಿನ ವಿಷಯ. ಜುಲೈ, ಆಗಸ್ಟ್‌ನಲ್ಲಿ ಆ ಕರಾವಳಿಯ ಮಾಲಗಾ ನಗರದಲ್ಲಿ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 30 ಡಿಗ್ರಿ ದಾಟುತ್ತದೆ. ನಮ್ಮ ಬೇಸಿಗೆಯನ್ನು ಕಂಡವರಿಗೆ ಇದು ದೊಡ್ಡ ಸಂಗತಿಯಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಅಲ್ಲಿ ಒಳನಾಡಿನಿಂದ ಬೆಟ್ಟಗಳನ್ನು ಇಳಿದು ಸಮುದ್ರದ ಕಡೆಗೆ ಬೀಸುವ ಒಂದು ಒಣಗಾಳಿ ಇದೆ, ಅದನ್ನು ಅಲ್ಲಿಯವರು 'ತೆರ‍್ರಾಲ್' ಎನ್ನುತ್ತಾರೆ. ಅದು ಎದ್ದ ದಿನ ಒಲೆಯ ಬಾಗಿಲು ತೆರೆದಂತೆ ಮುಖಕ್ಕೆ ಝಳ ಹೊಡೆಯುತ್ತದೆ, ಉಷ್ಣಾಂಶ 40ರ ಹತ್ತಿರ ಹೋಗುತ್ತದೆ. ನಾವು ಬೆಳಗ್ಗೆ ಹನ್ನೊಂದಕ್ಕೆ ಟೀ ಟೈಮ್, ಅಂದರೆ ಆಟ ಶುರುಮಾಡುವ ಸಮಯ, ಪಡೆದಿದ್ದೆವು. ಹದಿಮೂರನೆಯ ಹೋಲ್ ತಲುಪುವ ಹೊತ್ತಿಗೆ ನನ್ನ ಪತ್ನಿ ಬಗ್ಗಿಯಿಂದ (ಕೋರ್ಸ್‌ನಲ್ಲಿ ಓಡಾಡುವ ಪುಟ್ಟ ಗಾಡಿ) ಇಳಿಯಲಾರದೆ ನೆರಳಿನಲ್ಲೇ ಕುಳಿತುಬಿಟ್ಟರು, ನಾವು ಆಟ ನಿಲ್ಲಿಸಿ ಹಿಂದಿರುಗಿದೆವು. ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ, ಏಕೆಂದರೆ ಉಳಿಸಿದ ಹಣ ಬಹಳ ಅಲ್ಪವಾಗಿತ್ತು. ಜುಲೈ ಅನಿವಾರ್ಯವಾದರೆ ಬೆಳಗಿನ ಮೊದಲ ಟೀ ಟೈಮ್ ತೆಗೆದುಕೊಳ್ಳಿ, ಇಲ್ಲವೇ ಸಂಜೆಯ ರಿಯಾಯಿತಿ ದರದಲ್ಲಿ ಆಡಿ. ನಡುಹಗಲಿನಲ್ಲಿ ಮಾತ್ರ ಬೇಡ.

ಆಟಕ್ಕೆ ಒಳ್ಳೆಯ ಕಾಲ ಎರಡು: ಮಾರ್ಚ್‌ನಿಂದ ಮೇ ಕೊನೆಯವರೆಗೆ ಮತ್ತು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ. ಆ ಕರಾವಳಿಯಲ್ಲಿ ಮಳೆ ನಮ್ಮ ಲೆಕ್ಕಕ್ಕೆ ತಿರುವುಮುರುವು. ಬೇಸಿಗೆಯಲ್ಲಿ ಹನಿಯೂ ಇಲ್ಲವೆನ್ನಬಹುದು, ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಹೆಚ್ಚು. ನವೆಂಬರ್‌ನಲ್ಲಿ ಸಂಜೆ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಮಧ್ಯಾಹ್ನ ಆಟ ಆರಂಭಿಸಿದರೆ ಕೊನೆಯ ಹೋಲ್‌ಗಳು ಕತ್ತಲೆಗೆ ಹೋಗುತ್ತವೆ. ಏಪ್ರಿಲ್ ಕೊನೆಯಲ್ಲಾದರೋ ಬೆಳಕು ರಾತ್ರಿ ಒಂಬತ್ತರವರೆಗೂ ಇರುತ್ತದೆ, ಹಗಲಿನ ಉಷ್ಣಾಂಶ 21, 22 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನನ್ನನ್ನು ಕೇಳಿದರೆ ನಿಮ್ಮ ನಾಲ್ವರಿಗೆ ಏಪ್ರಿಲ್ ಕೊನೆಯ ವಾರ ಅಥವಾ ಮೇ ಮೊದಲ ವಾರವೇ ಸೂಕ್ತ. ಈಸ್ಟರ್ ಹಬ್ಬದ ವಾರವನ್ನು ಮಾತ್ರ ಬಿಟ್ಟುಬಿಡಿ. ಆಗ ಆ ಕರಾವಳಿ ಇರುವ ಇಡೀ ಆಂಡಲೂಸಿಯಾ ಪ್ರಾಂತ ಮೆರವಣಿಗೆಗಳಲ್ಲಿ ಮುಳುಗಿರುತ್ತದೆ, ಹೋಟೆಲ್ ದರ ಏರಿರುತ್ತದೆ.

ಬಿಡಾರಕ್ಕೆ ಎಲ್ಲಿ ಇಳಿಯಬೇಕು ಎಂಬುದು ಇಡೀ ಪ್ರವಾಸವನ್ನು ನಿರ್ಧರಿಸುವ ಪ್ರಶ್ನೆ. ಮಾಲಗಾ ವಿಮಾನ ನಿಲ್ದಾಣದಿಂದ ಪಶ್ಚಿಮಕ್ಕೆ ತೊರೆಮೊಲಿನೋಸ್, ಫುಯೆನ್‌ಹಿರೋಲಾ, ಮಾರ್ಬೆಯಾ, ಎಸ್ತೆಪೋನಾ, ಕೊನೆಗೆ ಜಿಬ್ರಾಲ್ಟರ್ ಸಮೀಪದ ಸೊತೊಗ್ರಾಂದೆ, ಹೀಗೆ ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಎಪ್ಪತ್ತಕ್ಕೂ ಹೆಚ್ಚು ಕೋರ್ಸ್‌ಗಳು ಹರಡಿಕೊಂಡಿವೆ. ಆರು ಸುತ್ತುಗಳ ನಿಮ್ಮ ಪಟ್ಟಿ ಈ ಉದ್ದಕ್ಕೂ ಚದುರಿದೆ. ಅದರಂತೆ ನಡೆದರೆ ದಿನದ ಎರಡು ಗಂಟೆ ಕಾರಿನಲ್ಲೇ ಕಳೆದುಹೋಗುತ್ತದೆ. ಕಾರು ಓಡಿಸಲು ಯಾರಿಗೂ ಮನಸ್ಸಿಲ್ಲದಿದ್ದರೆ ಫುಯೆನ್‌ಹಿರೋಲಾ ಒಳ್ಳೆಯದು, ಏಕೆಂದರೆ ವಿಮಾನ ನಿಲ್ದಾಣದಿಂದ ಅಲ್ಲಿಗೆ ನೇರ ಲೋಕಲ್ ರೈಲು ಇದೆ, ಆಡದೇ ಇರುವವರು ಅದೇ ರೈಲಿನಲ್ಲಿ ಮಾಲಗಾ ನಗರಕ್ಕೂ ತಾವಾಗಿಯೇ ಹೋಗಿ ಬರಬಹುದು. ರೈಲು ಮಾರ್ಬೆಯಾವರೆಗೆ ಹೋಗುವುದಿಲ್ಲ. ಕಾರು ಓಡಿಸುವುದಾದರೆ ಮಾರ್ಬೆಯಾ ಮತ್ತು ಸಾನ್ ಪೆದ್ರೊ ನಡುವೆ ಮನೆ ಹಿಡಿಯಿರಿ, ಅಲ್ಲಿಂದ ಹತ್ತು ಹದಿನೈದು ನಿಮಿಷದೊಳಗೆ ಹಲವು ಕೋರ್ಸ್‌ಗಳಿವೆ.

ಈಗ ಕೋರ್ಸ್‌ಗಳ ಮಾತು. ಮೊದಲ ದಿನದ ಆಟಕ್ಕೆ ನಾನು ಸೂಚಿಸುವುದು ಮಾಲಗಾ ವಿಮಾನ ನಿಲ್ದಾಣದ ಪಕ್ಕದಲ್ಲೇ, ಕಡಲ ದಂಡೆಯ ಮೇಲಿರುವ ಪರಾದೊರ್ ಕೋರ್ಸ್. ಇಂಗ್ಲೆಂಡಿನ ಹ್ಯಾರಿ ಕೋಲ್ಟ್ ವಿನ್ಯಾಸ ಮಾಡಿದ ಇದು 1925ರಲ್ಲಿ ಆರಂಭವಾಯಿತು. ನೆಲ ಸಮತಟ್ಟು, ನಡೆದುಕೊಂಡೇ ಆಡಬಹುದು, ಪ್ರಯಾಣದ ಆಯಾಸವಿರುವ ದೇಹಕ್ಕೂ ಹೊಸದಾಗಿ ಕಲಿಯುವವರಿಗೂ ಅದು ಹಿತವಾಗಿರುತ್ತದೆ. ಎರಡನೆಯದಾಗಿ ಮಾರ್ಬೆಯಾದ ಹಿಂದಿನ ನ್ಯೂವಾ ಆಂಡಲೂಸಿಯಾ ಕಣಿವೆಯ ಲೋಸ್ ನರಾನ್‌ಹೋಸ್. ಹೆಸರಿನ ಅರ್ಥವೇ ಕಿತ್ತಳೆ ಮರಗಳು. ಎರಡನೆಯ ಒಂಬತ್ತು ಹೋಲ್‌ಗಳು ಕಿತ್ತಳೆ ತೋಟದ ನಡುವೆ ಸಾಗುತ್ತವೆ. ಏಪ್ರಿಲ್‌ನಲ್ಲಿ ಹೂ ಬಿಟ್ಟಿರುತ್ತದೆ, ಮೊದಲ ಹೊಡೆತಕ್ಕೆ ಟೀ ಮೇಲೆ ನಿಂತಾಗ ಆ ಪರಿಮಳ ಎಷ್ಟು ಗಾಢವಾಗಿತ್ತೆಂದರೆ, ನನ್ನ ಸರದಿ ಬಂದದ್ದನ್ನು ಗೆಳೆಯರು ಎರಡು ಬಾರಿ ನೆನಪಿಸಬೇಕಾಯಿತು. ಮೂರನೆಯದಾಗಿ ಮಿಹಾಸ್ ಬೆಟ್ಟಗಳೊಳಗಿನ ಲಾ ಕಾಲಾ. ಅಲ್ಲಿ ಅಮೇರಿಕಾ, ಆಸಿಯಾ, ಯೂರೋಪಾ ಎಂಬ ಮೂರು ಕೋರ್ಸ್‌ಗಳಿವೆ. ನಿಮ್ಮ ತಂಡಕ್ಕೆ ಯೂರೋಪಾ ಸಾಕು, ಉಳಿದೆರಡರಲ್ಲಿ ಏರಿಳಿತ ಜಾಸ್ತಿ. ಬಗ್ಗಿ ಇಲ್ಲದೆ ಅಲ್ಲಿಗೆ ಹೋಗುವ ಯೋಚನೆಯನ್ನೇ ಮಾಡಬೇಡಿ.

ಲೋಸ್ ನರಾನ್‌ಹೋಸ್ ಇರುವ ಕಣಿವೆಯಲ್ಲೇ ಲಾಸ್ ಬ್ರಿಸಾಸ್ ಇದೆ. 1968ರ ಹಳೆಯ ಕ್ಲಬ್, 1973 ಮತ್ತು 1989ರಲ್ಲಿ ಗಾಲ್ಫ್ ವಿಶ್ವಕಪ್ ನಡೆದ ಜಾಗ. ನಮಗೆ ಅದಕ್ಕಿಂತ ಹತ್ತಿರದ ಸಂಗತಿಯೆಂದರೆ, 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಸ್ಪೇನ್‌ನ ಮಹಿಳಾ ಓಪನ್ ಗೆದ್ದದ್ದು ಇಲ್ಲಿಯೇ. ಅದು ಸದಸ್ಯರ ಕ್ಲಬ್ ಆದ್ದರಿಂದ ಹೊರಗಿನವರಿಗೆ ಸಿಗುವ ಟೀ ಟೈಮ್ ಸೀಮಿತ, ಬಹಳ ಮೊದಲೇ ಬರೆದು ಕೇಳಬೇಕು. ಕಲಿಯುತ್ತಿರುವ ನಿಮ್ಮ ಪತ್ನಿಗೆ ಅಲ್ಲಿ ಆಡುವ ಅರ್ಹತೆ ಸಿಗದೇ ಹೋದರೂ, ಅದಿತಿ ಗೆದ್ದ ಮೈದಾನವನ್ನು ಒಮ್ಮೆ ಕಣ್ಣಾರೆ ನೋಡುವ ಸಂತೋಷವನ್ನು ಅವರಿಗೆ ಕೊಡಿ.

ವಾಲ್ಡೆರಾಮಾ ಬಗ್ಗೆ ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಅದರ ಗೌರವ ದೊಡ್ಡದು. 1997ರಲ್ಲಿ ಯೂರೋಪ್ ಮತ್ತು ಅಮೆರಿಕ ತಂಡಗಳ ನಡುವಿನ ರೈಡರ್ ಕಪ್ ಮೊದಲ ಬಾರಿಗೆ ಯೂರೋಪಿನ ಮುಖ್ಯಭೂಮಿಗೆ ಬಂದದ್ದು ಅಲ್ಲಿಗೆ, ಸೆವೆ ಬಯೆಸ್ತೆರೋಸ್ ನಾಯಕತ್ವದ ಯೂರೋಪ್ ಹದಿನಾಲ್ಕೂವರೆ - ಹದಿಮೂರೂವರೆ ಅಂಕಗಳಿಂದ ಗೆದ್ದದ್ದು ಅಲ್ಲಿ. ನಮ್ಮ ಜೀವ್ ಮಿಲ್ಖಾ ಸಿಂಗ್ 2006ರಲ್ಲಿ ವೋಲ್ವೊ ಮಾಸ್ಟರ್ಸ್ ಗೆದ್ದದ್ದೂ ಅಲ್ಲಿಯೇ. ಆದರೆ ಒಬ್ಬರಿಗೆ ಹಲವು ನೂರು ಯೂರೋ ತೆರಬೇಕು, ಹೊರಗಿನವರಿಗೆ ಸಮಯ ಸೀಮಿತ, ಮಾರ್ಬೆಯಾದಿಂದ ಮುಕ್ಕಾಲು ಗಂಟೆಯ ದಾರಿ. ಅಲ್ಲಿನ ಫೇರ್‌ವೇಗಳ (ಹುಲ್ಲು ಕತ್ತರಿಸಿದ ಆಟದ ಹಾದಿ) ಎರಡೂ ಬದಿಗೆ, ಕೆಲವು ಕಡೆ ನಡುವೆಯೂ, ಬಿರಡೆ ತೊಗಟೆಯ ಓಕ್ ಮರಗಳು ಕೊಂಬೆ ಚಾಚಿ ನಿಂತಿವೆ. ಚೆಂಡು ಫೇರ್‌ವೇಯಲ್ಲೇ ಬಿದ್ದಿದ್ದರೂ ಗ್ರೀನ್‌ಗೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳಕ್ಕೆ, ದಾರಿ ಇರುವುದಿಲ್ಲ. 24 ಹ್ಯಾಂಡಿಕ್ಯಾಪ್‌ನವರಿಗೆ ಅದು ಸಂತೋಷಕ್ಕಿಂತ ಹೆಚ್ಚು ದಣಿವನ್ನೇ ಕೊಡುತ್ತದೆ. ನಿಮ್ಮಲ್ಲಿ 18ರವರಿಗೆ ಅದು ಬಹುಕಾಲದ ಕನಸಾಗಿದ್ದರೆ ಅವರೊಬ್ಬರೇ ಹೋಗಿ ಆಡಿ ಬರಲಿ, ಉಳಿದ ಮೂವರು ಆ ದಿನ ಬೇರೆ ಕಡೆಗೆ ಹೋಗಿ. ನಾಲ್ವರೂ ಹೋಗಲೇಬೇಕೆಂಬ ಹಟ ಬೇಡ.

ಅಲ್ಲಿ ಆಡುವಾಗ ನಮ್ಮವರಿಗೆ ಎದುರಾಗುವ ಎರಡು ಸಂಗತಿಗಳನ್ನು ಯಾವ ಏಜೆಂಟರೂ ಹೇಳುವುದಿಲ್ಲ. ಮೊದಲನೆಯದು ಚೆಂಡು ಹಾರುವ ದೂರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮೈಸೂರು 750 ಮೀಟರಿಗಿಂತ ಮೇಲಿದೆ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಚೆಂಡು ಸ್ವಲ್ಪ ಹೆಚ್ಚು ದೂರ ಹೋಗುತ್ತದೆ, ಸಮುದ್ರದ ದಂಡೆಯಲ್ಲಿ ಅದೇ ಹೊಡೆತ ನೂರಕ್ಕೆ ಮೂರರಷ್ಟು ಕಡಿಮೆಯಾಗುತ್ತದೆ. ಇಲ್ಲಿ ನನ್ನ ಏಳನೆಯ ಐರನ್ ಕೋಲಿನ ಹೊಡೆತ 140 ಗಜ ಹೋಗುತ್ತದೆ. ಅಲ್ಲಿ ಮೊದಲ ದಿನ ನೀರಿನ ಮೇಲಿಂದ 138 ಗಜ ಇದ್ದ ಕಡೆ ಅದನ್ನೇ ತೆಗೆದೆ, ಹೊಡೆತ ಚೆನ್ನಾಗಿಯೇ ಬಿತ್ತು, ಚೆಂಡು ಆಚೆ ದಡಕ್ಕೆ ಒಂದೆರಡು ಗಜ ಇರುವಾಗಲೇ ನೀರಿಗೆ ಬಿತ್ತು. ಸಂದೇಹವಿದ್ದ ಕಡೆಯೆಲ್ಲ ಒಂದು ಕ್ಲಬ್ ಹೆಚ್ಚು, ಅಂದರೆ ಇನ್ನೂ ದೂರ ಹೊಡೆಯುವ ಕೋಲನ್ನು, ತೆಗೆದುಕೊಳ್ಳಿ.

ಎರಡನೆಯದು ಕ್ಯಾಡಿ. ನಮ್ಮಲ್ಲಿ ಕ್ಯಾಡಿ ಬ್ಯಾಗು ಹೊರುತ್ತಾನೆ, ಚೆಂಡು ಹುಡುಕುತ್ತಾನೆ, ಬಂಕರ್ ಎಂಬ ಮರಳುಗುಳಿಯನ್ನು ಸರಿಮಾಡುತ್ತಾನೆ, ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಎತ್ತ ತಿರುಗುತ್ತದೆ ಎಂದೂ ಹೇಳುತ್ತಾನೆ. ನಾವು ಹೊಡೆದು ಮುಂದೆ ನಡೆದರೆ ಸಾಕು. ಅಲ್ಲಿ ಸಾಮಾನ್ಯ ಕೋರ್ಸ್‌ಗಳಲ್ಲಿ ಕ್ಯಾಡಿಗಳಿಲ್ಲ. ಬಂಕರಿನ ಮರಳನ್ನು ನೀವೇ ಹಲ್ಲುಕುಂಟೆಯಿಂದ ಎಳೆದು ಸಮ ಮಾಡಬೇಕು, ಗ್ರೀನ್ ಮೇಲೆ ಚೆಂಡು ಬಿದ್ದು ಆದ ಗುಳಿಯನ್ನು ನೀವೇ ಮುಚ್ಚಬೇಕು, ಆಟದ ವೇಗವನ್ನೂ ಕಾಯ್ದುಕೊಳ್ಳಬೇಕು. ಹೊರಡುವ ಮೊದಲು ಊರಿನ ಕ್ಲಬ್ಬಿನಲ್ಲಿ ಎರಡು ಮೂರು ಸುತ್ತು ಈ ಕೆಲಸಗಳನ್ನೆಲ್ಲ ನೀವೇ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಪಟ್ ವಿಷಯದಲ್ಲಿ ಮಾರ್ಬೆಯಾದಲ್ಲಿ ಎಲ್ಲರೂ ಹೇಳುವ ಮಾತೊಂದಿದೆ: ಲಾ ಕೊಂಚಾ ಬೆಟ್ಟ ಯಾವ ಕಡೆ ಇದೆ ನೋಡಿ, ಚೆಂಡು ಅದರಿಂದ ದೂರಕ್ಕೆ, ಸಮುದ್ರದ ಕಡೆಗೆ ತಿರುಗುತ್ತದೆ. ನನಗೆ ಇದು ಬಹುಪಾಲು ನಿಜವಾಗಿಯೇ ಕಂಡಿತು.

ಬುಕಿಂಗ್ ಮಾಡುವಾಗ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ನಾವು ಬರುವ ವಾರದ ಹಿಂದುಮುಂದು ಗ್ರೀನ್‌ಗಳ ನಿರ್ವಹಣೆ ಇದೆಯೇ ಎಂಬುದು. ವರ್ಷಕ್ಕೆ ಒಂದೆರಡು ಬಾರಿ ಬೇರಿಗೆ ಗಾಳಿಯಾಡಲೆಂದು ಗ್ರೀನ್ ತುಂಬ ಬೆರಳಗಲದ ತೂತು ಕೊರೆದು ಮರಳು ತುಂಬುತ್ತಾರೆ. ಇದು ಹುಲ್ಲಿನ ಆರೋಗ್ಯಕ್ಕೆ ಬೇಕೇಬೇಕಾದ ಕೆಲಸ, ಆದರೆ ಒಂದೆರಡು ವಾರ ಪಟ್ ಮಾಡುವುದೆಂದರೆ ರಾಗಿ ಹರವಿದ ಚಾಪೆಯ ಮೇಲೆ ಗೋಲಿ ಉರುಳಿಸಿದಂತೆ. ನಮಗೆ ಟೀ ಟೈಮ್ ಮಾರಿದ ಏಜೆಂಟರು ಇದನ್ನು ತಿಳಿಸಿರಲಿಲ್ಲ, ನಾವು ಪೂರ್ತಿ ಹಣ ಕೊಟ್ಟು ಅಂಥ ಗ್ರೀನ್‌ಗಳ ಮೇಲೆ ಆಡಿದೆವು. ಆದ್ದರಿಂದ ಕ್ಲಬ್ಬಿಗೇ ನೇರವಾಗಿ ಇಮೇಲ್ ಬರೆದು ಉತ್ತರ ಪಡೆದ ಮೇಲೆಯೇ ಹಣ ಕಟ್ಟಿ. ಅದೇ ಇಮೇಲಿನಲ್ಲಿ ಬಗ್ಗಿ ದರದಲ್ಲಿ ಸೇರಿದೆಯೇ, ಗರಿಷ್ಠ ಹ್ಯಾಂಡಿಕ್ಯಾಪ್ ಎಷ್ಟು, ಆಡದೇ ಇರುವವರು ಬಗ್ಗಿಯಲ್ಲಿ ಜೊತೆಗೆ ಬರಬಹುದೇ ಎಂಬುದನ್ನೂ ಕೇಳಿ. ಹ್ಯಾಂಡಿಕ್ಯಾಪ್ ಪ್ರಮಾಣಪತ್ರದ ಪ್ರತಿಯನ್ನು ಮುದ್ರಿಸಿಯೇ ಒಯ್ಯಿರಿ.

ಕಾಗದಪತ್ರಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಷೆಂಗೆನ್ ವೀಸಾ ಬೇಕು; ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ವಸಂತದ ಪ್ರಯಾಣಕ್ಕೆ ಡಿಸೆಂಬರ್, ಜನವರಿಯಲ್ಲೇ ಈ ಕೆಲಸ ಶುರುಮಾಡಿ. ಕಾರು ಬಾಡಿಗೆಗೆ ನಿಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒ ಕಚೇರಿಯಿಂದ ಪಡೆದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕಾದ್ದರಿಂದ ಆಟೋಮ್ಯಾಟಿಕ್ ಗೇರಿನ ಕಾರನ್ನೇ ಕೇಳಿ. ನಾಲ್ಕು ಜನ, ಮೂರು ಗಾಲ್ಫ್ ಬ್ಯಾಗು, ನಾಲ್ಕು ಸೂಟ್‌ಕೇಸ್ ಸಾಮಾನ್ಯ ಕಾರಿನಲ್ಲಿ ಹಿಡಿಸುವುದಿಲ್ಲ. ಕ್ಲಬ್‌ಗಳನ್ನು ಒಯ್ಯುವ ತೊಂದರೆ ಬೇಡವೆನಿಸಿದರೆ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ, ಸ್ವಂತ ಪಟರ್ ಮತ್ತು ಶೂ ಮಾತ್ರ ಒಯ್ದರೆ ಸಾಕು.

ಆಡದೇ ಇರುವವರ ದಿನಗಳನ್ನು ಮೊದಲು ಗುರುತು ಹಾಕಿ, ಉಳಿದ ದಿನಗಳಿಗೆ ಟೀ ಟೈಮ್ ಹೊಂದಿಸಿ. ಗ್ರಾನಡಾದ ಅಲ್ಹಂಬ್ರಾ ಅರಮನೆಗೆ ಒಂದು ಇಡೀ ದಿನ ಬೇಕು. ಟಿಕೆಟ್ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ಮೊದಲೇ ಪಡೆಯಬೇಕು, ವಸಂತದಲ್ಲಿ ವಾರಗಳ ಮೊದಲೇ ಮುಗಿದಿರುತ್ತದೆ. ರೊಂದಾ ಊರಿನ ಕಮರಿಯ ಮೇಲಿನ, 1793ರಲ್ಲಿ ಪೂರ್ಣಗೊಂಡ ಸೇತುವೆಗೆ ಇನ್ನೊಂದು ದಿನ. ಸಾನ್ ಪೆದ್ರೊದಿಂದ ಅಲ್ಲಿಗೆ ಹೋಗುವ ದಾರಿ ಆಗುಂಬೆ ಘಾಟಿಯಂತೆ ತಿರುವು ತಿರುವಾಗಿದೆ, ವಾಂತಿಯ ತೊಂದರೆ ಇರುವವರು ಮಾತ್ರೆ ಇಟ್ಟುಕೊಳ್ಳಲಿ. ಪಿಕಾಸೊ ಹುಟ್ಟಿದ ಊರು ಮಾಲಗಾ, ಅವರ ಚಿತ್ರಗಳ ಸಂಗ್ರಹಾಲಯಕ್ಕೆ ಅರ್ಧ ದಿನ ಸಾಕು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮ್ಮಲ್ಲಿ ಸಸ್ಯಾಹಾರಿಗಳಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಹೋಟೆಲುಗಳಲ್ಲಿ ರಾತ್ರಿಯೂಟ ಎಂಟೂವರೆಗೆ ಮೊದಲು ಸಿಗುವುದು ಕಷ್ಟ, ಆದ್ದರಿಂದ ಆಟ ಮುಗಿಸಿ ಮಧ್ಯಾಹ್ನ ಎರಡು, ಎರಡೂವರೆಗೆ ಹೊಟ್ಟೆ ತುಂಬ ಊಟ ಮಾಡಿ. ಬದನೆಕಾಯಿಯನ್ನು ತೆಳುವಾಗಿ ಹೆಚ್ಚಿ ಕರಿದು ಮೇಲೆ ಕಬ್ಬಿನ ಜೋನಿಬೆಲ್ಲದಂಥ ಪಾಕ ಸುರಿದು ಕೊಡುತ್ತಾರೆ. ಬಾದಾಮಿ, ಬೆಳ್ಳುಳ್ಳಿ ಅರೆದು ಮಾಡಿದ ತಣ್ಣನೆಯ ಬಿಳಿ ಸಾರಿನೊಳಗೆ ದ್ರಾಕ್ಷಿ ಹಾಕಿ ಕೊಡುವ 'ಅಹೋಬ್ಲಾಂಕೊ' ಇದೆ. ಸಾಲ್ಮೊರೆಹೊ ಎಂಬ ಟೊಮೇಟೊ ಸಾರು ಕೇಳುವಾಗ ಮಾತ್ರ ಮೇಲೆ ಮೊಟ್ಟೆ ಮತ್ತು ಹಂದಿಮಾಂಸದ ಚೂರು ಉದುರಿಸಬೇಡಿ ಎಂದು ಮೊದಲೇ ಹೇಳಿ.