ಫೋನಿಗೆ ಹೆದರುತ್ತಿದ್ದ ಹುಡುಗ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಯೊಂದರ ದಂಪತಿ ಹತ್ತನೇ ತರಗತಿಯ ಮಗನನ್ನು ಕರೆತಂದದ್ದು ಗೇಮ್ ಚಟ ಬಿಡಿಸಬೇಕೆಂದು. ರಾತ್ರಿ ನಿದ್ದೆ ಮಾಡುವುದಿಲ್ಲ, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ ಎಂಬುದು ಅವರ ದೂರು. ಆದರೆ ಮಾತಿನ ನಡುವೆ ಫೋನ್ ಸದ್ದು ಮಾಡಿದಾಗಲೆಲ್ಲ ಅವನು ಅದನ್ನು ಬೋರಲು ಹಾಕಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಚಟ ಹಿಡಿದವರು ಫೋನಿಗಾಗಿ ಹಾತೊರೆಯುವುದನ್ನು ಕಂಡಿದ್ದೇನೆ; ಇವನಲ್ಲಿದ್ದದ್ದು ಭಯ.

ಹೆತ್ತವರನ್ನು ಹೊರಗೆ ಕೂರಿಸಿದ ಮೇಲೆ ವಿಷಯ ತಿಳಿಯಿತು. ಬಿಜಿಎಂಐ ಎಂಬ ಆನ್‌ಲೈನ್ ಶೂಟಿಂಗ್ ಆಟ ಆಡುವಾಗ ವಾಯ್ಸ್ ಚಾಟ್‌ನಲ್ಲಿ ಪರಿಚಯವಾಗಿ 'ಅಣ್ಣ' ಎನಿಸಿಕೊಂಡಿದ್ದ ವ್ಯಕ್ತಿಯೊಬ್ಬ, ಆಟದೊಳಗೆ ಸ್ಕಿನ್ (ಪಾತ್ರ, ಬಂದೂಕುಗಳ ಅಲಂಕಾರಿಕ ರೂಪ) ಕೊಳ್ಳಲು ಬೇಕಾದ ಯುಸಿ ಎಂಬ ಆಟದ ನಾಣ್ಯವನ್ನು ಉಚಿತವಾಗಿ ಕೊಡಿಸುವುದಾಗಿ ಲಿಂಕ್ ಕಳುಹಿಸಿದ್ದ. ಅಸಲಿಯಂತೆಯೇ ಕಾಣುವ ಲಾಗಿನ್ ಪುಟದಲ್ಲಿ ಹುಡುಗ ಪಾಸ್‌ವರ್ಡ್ ಕೊಟ್ಟ, ಖಾತೆ ಕೈತಪ್ಪಿತು. ಅದನ್ನು ಮರಳಿಸಲು ಆ ವ್ಯಕ್ತಿ ಹಣ ಕೇಳಿದಾಗ ಹುಡುಗ ತಾಯಿಯ ಕಾರ್ಡ್ ಸಂಖ್ಯೆಯನ್ನೂ ಒಟಿಪಿಯನ್ನೂ ಓದಿ ಹೇಳಿ, ಬ್ಯಾಂಕಿನ ಸಂದೇಶವನ್ನು ಅಳಿಸಿಹಾಕಿದ. ಅನಂತರ ಬೆದರಿಕೆ ಶುರುವಾಯಿತು. ಶಾಲೆಯ ಹೆಸರು, ಮನೆಯ ರಸ್ತೆ ಎಲ್ಲವನ್ನೂ ಹುಡುಗ ಆಗಲೇ ಹರಟೆಯಲ್ಲಿ ಹೇಳಿಬಿಟ್ಟಿದ್ದ.

"ಅಪ್ಪಂಗೆ ಹೇಳ್ಬೇಡಿ ಮೇಡಂ, ಹೊಡೀತಾರೆ." ವಂಚಕನಿಗೆ ಬಂಡವಾಳವಾದದ್ದು ಈ ಭಯವೇ. ಅಪ್ರಾಪ್ತ ವಯಸ್ಸಿನವನ ಸುರಕ್ಷತೆಯ ಪ್ರಶ್ನೆಯಾದ್ದರಿಂದ ಇದನ್ನು ಮುಚ್ಚಿಡಲಾಗದು ಎಂದು ಅವನಿಗೆ ನೇರವಾಗಿ ತಿಳಿಸಿದೆ. ಹೇಗೆ ಹೇಳಬೇಕೆಂಬುದನ್ನು ಅವನಿಗೇ ಬಿಟ್ಟೆ. ಅವನು ನನ್ನೆದುರಿನಲ್ಲೇ ಹೇಳಿದ. ತಂದೆ ಸಿಟ್ಟಿನಿಂದ ಎದ್ದು ನಿಂತರು, ತಾಯಿ ಅವರ ತೋಳು ಹಿಡಿದು ಕೂರಿಸಿದರು.

ಇನ್ನು ಹಣ ಕೊಡಬೇಡಿ, ಉತ್ತರಿಸಬೇಡಿ, ಚಾಟ್ ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಕಾರ್ಡನ್ನು ಬ್ಲಾಕ್ ಮಾಡಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದೆ. ಪಾಸ್‌ವರ್ಡ್ ಕದ್ದು ಬಳಸುವುದು, ಸೋಗು ಹಾಕಿ ವಂಚಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳಡಿ ಅಪರಾಧವೆಂದೂ, ಸೈಬರ್ ಠಾಣೆಗೆ ಹೋಗಲು ಸಂಕೋಚ ಬೇಡವೆಂದೂ ವಿವರಿಸಿದೆ. ಪಾಸ್‌ವರ್ಡ್ ಬದಲಿಸುವ ಕೆಲಸ ಇಮೇಲ್‌ನಿಂದಲೇ ಆರಂಭವಾಗಬೇಕು. ಇಮೇಲ್ ಕೈಗೆ ಸಿಕ್ಕವನು ಉಳಿದ ಖಾತೆಗಳನ್ನೂ ತೆರೆಯಬಲ್ಲ, ಅದರಲ್ಲೂ ಈ ಹುಡುಗ ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ದ. ಎರಡು ಹಂತದ ಪರಿಶೀಲನೆ ಹಾಕಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಆ್ಯಪ್ ಸ್ಟೋರ್‌ನ ಹೊರಗಿನಿಂದ ಇಳಿಸಿಕೊಂಡಿದ್ದ ಮಾಡ್ ಎಪಿಕೆಯನ್ನು, ಅಂದರೆ ಆ್ಯಪ್‌ನ ತಿದ್ದಿದ ನಕಲನ್ನು, ತೆಗೆಸಿದೆವು. ವಾಯ್ಸ್ ಚಾಟ್ ಇನ್ನು ಮುಖತಃ ಪರಿಚಯವಿರುವ ಗೆಳೆಯರೊಂದಿಗೆ ಮಾತ್ರ.

ತಂದೆ ಫೋನನ್ನೇ ಕಿತ್ತುಕೊಳ್ಳುವೆನೆಂದರು. ನಿಜ ಹೇಳಿದ ದಿನವೇ ಶಿಕ್ಷೆಯಾದರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ ಎಂದು ನಾನು ಪಟ್ಟು ಹಿಡಿದೆ.

ದೂರು ತಡವಾದ್ದರಿಂದ ಹೋದ ಹಣ ಇನ್ನೂ ಮರಳಿಲ್ಲ. ಹುಡುಗ ಶಾಲೆಗೆ ಹೋಗುತ್ತಿದ್ದಾನೆ. ಪರೀಕ್ಷೆಯವರೆಗೆ ಆಟ ಬೇಕೇ ಬೇಡವೇ ಎಂಬುದನ್ನು ಮುಂದಿನ ಭೇಟಿಯಲ್ಲಿ ಮೂವರೂ ಕೂತು ತೀರ್ಮಾನಿಸಲಿದ್ದಾರೆ.