ರಾವ್ ಅವರನ್ನು ಹೊನ್ನಶೂಲದಿಂದ ಇಳಿಸಿ, ಮಾಷ್ಟ್ರೇ

ಮಾಷ್ಟ್ರೇ, ನಮಸ್ಕಾರ.

ನೀವು ಕಳಿಸಿದ ‘ಅರ್ಥಶಾಸ್ತ್ರದ ಮೇರುಶಿಖರ ಡಾ. ವಿ.ಕೆ.ಆರ್.ವಿ. ರಾವ್’ ಓದಿದೆ. ಎಂಟು ಪುಟ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿದರೆ ಇಬ್ಬರಿಗೂ ಸುಲಭ ಅಲ್ವಾ? ಆದರೆ ವಿಷಯ ಬಿಡಬೇಡಿ. ನಮ್ಮ ಪತ್ರಿಕೆಗೆ ಯಕ್ಷಗಾನ, ಗಡಿನಾಡ ಸಮಸ್ಯೆ, ಹಳೆಯ ಶಾಲೆಯ ನೆನಪು ಬಿಟ್ಟರೆ ಬೇರೆ ಲೇಖನ ಬರುವುದೇ ಅಪರೂಪ. ಒಬ್ಬ ಅರ್ಥಶಾಸ್ತ್ರಜ್ಞನ ಬಗ್ಗೆ, ಅದೂ ಪಾಠ ಮಾಡುವವರೊಬ್ಬರು ಬರೆದರೆ ನನಗೆ ಬೇಕೇ ಬೇಕು.

ತೊಂದರೆ ಏನು ಅಂದರೆ, 1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದರು, ಮುಂಬೈಯಲ್ಲಿ ಓದಿದರು, ಕೇಂಬ್ರಿಜ್‌ಗೆ ಹೋದರು, ದೆಹಲಿ ವಿಶ್ವವಿದ್ಯಾಲಯದ ಕುಲಪತಿ ಆದರು, ಯೋಜನಾ ಆಯೋಗದ ಸದಸ್ಯರಾದರು, ಬಳ್ಳಾರಿಯಿಂದ ಲೋಕಸಭೆಗೆ ಗೆದ್ದರು, ಮಂತ್ರಿಯಾದರು, 1974ರಲ್ಲಿ ಪದ್ಮವಿಭೂಷಣ ಬಂತು, ಹೀಗೆ ಐದು ಪುಟ ಹೋಗುತ್ತದೆ. ಒಂದೂ ಸುಳ್ಳಲ್ಲ. ಆದರೆ ಸನ್ಮಾನ ಸಭೆಯಲ್ಲಿ ಅಭಿನಂದನ ಪತ್ರ ಓದಿದ ಹಾಗಿದೆ, ಶಾಲು ಹೊದೆಸುವುದೊಂದು ಬಾಕಿ. ಆದರು, ಆದರು, ಆದರು. ಮಾಡಿದ್ದೇನು?

ಮಾಡಿದ್ದು ಆರನೇ ಪುಟದಲ್ಲಿದೆ, ಅದೂ ನಾಲ್ಕೇ ಸಾಲಿನಲ್ಲಿ. ‘1931-32ರಲ್ಲಿ ಬ್ರಿಟಿಷ್ ಇಂಡಿಯಾದ ತಲಾ ವರಮಾನ 62 ರೂಪಾಯಿ ಎಂದು ಲೆಕ್ಕ ಹಾಕಿದರು’ ಅಂತ ಬರೆದು ಮುಂದೆ ಓಡಿದ್ದೀರಿ. ನಿಲ್ಲಿ ಮಾರಾಯ್ರೆ! ವರ್ಷಕ್ಕೆ 62. ತಿಂಗಳಿಗೆ ಐದು ರೂಪಾಯಿ ಚಿಲ್ಲರೆ. ಈ ಅಂಕಿ ಸಿಕ್ಕಿದ್ದು ಹೇಗೆ? ಆಗ ಸರ್ಕಾರದ ಹತ್ತಿರ ಇಂಥ ಲೆಕ್ಕವೇ ಇರಲಿಲ್ಲ. ಬೇಸಾಯ, ಗಣಿ ಇಂಥ ಕಡೆ ಎಷ್ಟು ಬೆಳೆಯಿತು, ಎಷ್ಟು ತೆಗೆದರು ಅಂತ ಉತ್ಪತ್ತಿ ಹಿಡಿದು ಲೆಕ್ಕ ಮಾಡಿದರು. ವ್ಯಾಪಾರ, ನೌಕರಿ, ವಕೀಲಿಕೆಯಲ್ಲಿ ಅಳೆಯಲು ರಾಶಿ ಇರುವುದಿಲ್ಲ, ಅಲ್ಲಿ ಎಷ್ಟು ಜನ, ಅವರ ಸಂಪಾದನೆ ಎಷ್ಟು ಅಂತ ನೋಡಿದರು. ಎರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿದ್ದೇ ಅವರ ಕೆಲಸದ ಹೆಚ್ಚುಗಾರಿಕೆ. ಇದನ್ನು ಎರಡು ಪುಟ ಬರೆಯಿರಿ, ಓದುವವರು ಓದುತ್ತಾರೆ.

ಅಲ್ಲೇ ಒಂದು ತಪ್ಪೂ ನುಸುಳಿದೆ. ದಾದಾಭಾಯಿ ನವರೋಜಿಯವರ 1867-68ರ ಅಂದಾಜು 20 ರೂಪಾಯಿ, ರಾವ್ ಅವರದು 62, ಹಾಗಾಗಿ ‘ಜನರ ವರಮಾನ ಮೂರು ಪಟ್ಟು ಏರಿತ್ತು’ ಅಂದಿದ್ದೀರಿ. ನಡುವಿನ ಅರವತ್ತು ಚಿಲ್ಲರೆ ವರ್ಷದಲ್ಲಿ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು? ಲೆಕ್ಕ ಹಾಕಿದ ಕ್ರಮವೂ ಬೇರೆ, ಪ್ರದೇಶವೂ ಪೂರ್ತಿ ಒಂದೇ ಅಲ್ಲ. ನಿಮ್ಮ ಪ್ಲಸ್ ಟೂ ಮಕ್ಕಳು ಹೀಗೆ ಬರೆದರೆ ನೀವು ಮಾರ್ಕು ಕೊಡುತ್ತೀರಾ?

ಇನ್ನು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಕೇನ್ಸ್ ವಿಷಯ: ‘ಕೇನ್ಸ್‌ರನ್ನೇ ಎದುರು ಹಾಕಿಕೊಂಡ ಕೆಚ್ಚೆದೆಯ ಕಲಿ’. ಇದನ್ನು ದಯವಿಟ್ಟು ತೆಗೆಯಿರಿ. ಎರಡನೇ ಪುಟದಲ್ಲಿ ‘ಕೇನ್ಸ್ ಅವರ ಅಚ್ಚುಮೆಚ್ಚಿನ ಶಿಷ್ಯ’ ಅಂತಲೂ ಇದೆ. ಯಾರು ಹೇಳಿದ್ದು? ಆಧಾರ ಇದ್ದರೆ ಕೊಡಿ, ಇಲ್ಲದಿದ್ದರೆ ಅದೂ ಹೋಗಲಿ. ರಾವ್ 1952ರ ತಮ್ಮ ಪ್ರಬಂಧದಲ್ಲಿ ಕೇನ್ಸ್ ತಪ್ಪು ಅನ್ನಲಿಲ್ಲ. ಅವರ ಗುಣಕದ ಲೆಕ್ಕ, ಅಂದರೆ ಹೂಡಿದ ಒಂದು ರೂಪಾಯಿ ಕೈಯಿಂದ ಕೈಗೆ ಹೋಗಿ ದೇಶದ ವರಮಾನವನ್ನು ಅದರ ಹಲವು ಪಟ್ಟು ಏರಿಸುತ್ತದೆ ಅನ್ನುವುದು, ನಮ್ಮಂಥ ದೇಶಕ್ಕೆ ಹಾಗೇ ಕೂರುವುದಿಲ್ಲ ಅಂದರು. ಕಾರ್ಖಾನೆ ಖಾಲಿ ನಿಂತಿದೆ, ಕೂಲಿಗೆ ಬರಲು ಜನ ಕಾದಿದ್ದಾರೆ ಅಂದಾಗ ಸರ್ಕಾರ ಹಣ ಸುರಿದರೆ ಉತ್ಪಾದನೆ ಹೆಚ್ಚುತ್ತದೆ. ಇಲ್ಲಿ ಹಾಗಲ್ಲ, ಹಣ ಬಂದ ಕೂಡಲೇ ಸರಕು ಹೆಚ್ಚುವುದಿಲ್ಲ. ನೀವು ಇದನ್ನು ‘ಸಮಷ್ಟಿ ಅರ್ಥಶಾಸ್ತ್ರೀಯ ಪರಿಪ್ರೇಕ್ಷ್ಯದಲ್ಲಿ ಪೂರೈಕೆಯ ಅಸ್ಥಿತಿಸ್ಥಾಪಕತ್ವ’ ಅಂತ ಬರೆದು ಮುಗಿಸಿದ್ದೀರಿ. ನಾನೂ ಎರಡು ಸಲ ಓದಬೇಕಾಯಿತು. ನಮ್ಮ ಚಂದಾದಾರರು ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಾದ ಅಡಿಕೆ ಕೃಷಿಕರು. ಇವತ್ತು ಅಡಿಕೆಗೆ ರೇಟು ಏರಿದರೆ ನಾಳೆ ಮರ ಎರಡು ಗೊನೆ ಜಾಸ್ತಿ ಬಿಡುತ್ತದಾ? ಈಗ ಸಸಿ ನೆಟ್ಟರೂ ಫಸಲು ಕಾಣಲು ಐದಾರು ವರ್ಷ ಬೇಕು, ಅಷ್ಟರವರೆಗೆ ಏರುವುದು ಬೆಲೆ ಮಾತ್ರ. ಗದ್ದೆ ಬೇಸಾಯದ ಮನೆ ತೆಗೆದುಕೊಳ್ಳಿ. ಆರು ಜನರ ಕೆಲಸವನ್ನು ಹತ್ತು ಜನ ಹಂಚಿಕೊಂಡು ಮಾಡುತ್ತಿರುತ್ತಾರೆ, ‘ನಾನು ನಿರುದ್ಯೋಗಿ, ಕೂಲಿಗೆ ಬರುತ್ತೇನೆ’ ಅನ್ನುವವರು ಯಾರೂ ಇಲ್ಲ. ಕೈಗೆ ನಾಲ್ಕು ಕಾಸು ಬಂದರೆ ಮೊದಲು ಮನೆಯವರೇ ಹೊಟ್ಟೆ ತುಂಬ ಉಣ್ಣುತ್ತಾರೆ, ಪೇಟೆಗೆ ಹೋಗುವ ಅಕ್ಕಿ ಕಮ್ಮಿಯೇ ಆಗುತ್ತದೆ. ರಾವ್ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ. ಕ್ಲಾಸಿನಲ್ಲಿ ನೀವು ಹೀಗೇ ಹೇಳುತ್ತೀರಿ ಅಂತ ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಂದ ಕೇಳಿದ್ದೇನೆ. ಪೆನ್ನು ಹಿಡಿದ ಕೂಡಲೇ ಅದೆಲ್ಲ ಎಲ್ಲಿಗೆ ಹೋಗುತ್ತದೋ!

ಸಂಸ್ಥೆ ಕಟ್ಟಿದ ಭಾಗ ಪರವಾಗಿಲ್ಲ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1958ರಲ್ಲಿ ದೆಹಲಿಯಲ್ಲೇ ಆರ್ಥಿಕ ಬೆಳವಣಿಗೆ ಸಂಸ್ಥೆ, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ). ಅಮರ್ತ್ಯ ಸೇನ್, ಮನಮೋಹನ್ ಸಿಂಗ್ ದೆಹಲಿ ಸ್ಕೂಲಿನಲ್ಲಿ ಪಾಠ ಮಾಡಿದ್ದನ್ನು ಒಂದು ಪುಟ ಎಳೆದಿದ್ದೀರಿ, ಎರಡು ಸಾಲು ಸಾಕು. ಅದರ ಬದಲು ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರನ್ನು ತನ್ನಿ. ಅವರೂ ಅಲ್ಲಿ ಪಾಠ ಮಾಡಿದವರೇ, ಆಮೇಲೆ ತಿರುವನಂತಪುರಕ್ಕೆ ಬಂದು ಸಿಡಿಎಸ್ (ಅಭಿವೃದ್ಧಿ ಅಧ್ಯಯನ ಕೇಂದ್ರ) ಕಟ್ಟಿದರು. ಕೇರಳದಲ್ಲಿದ್ದು ಕನ್ನಡ ಓದುವ ನಮಗೆ ಬೆಂಗಳೂರಿನ ಐಸೆಕ್ ಮತ್ತು ತಿರುವನಂತಪುರದ ಸಿಡಿಎಸ್ ನಡುವಿನ ಈ ನಂಟು ತಿಳಿಯಬೇಡವೇ? ಬೆಂಗಳೂರಿನವರು ಬರೆದರೆ ಇದು ಅವರಿಗೆ ಹೊಳೆಯುವುದೇ ಇಲ್ಲ.

ಬಳ್ಳಾರಿ ಕಥೆ ಅರ್ಧಕ್ಕೇ ನಿಂತಿದೆ. ಪ್ರೊಫೆಸರ್ ಒಬ್ಬರು ಅರವತ್ತರ ಹೊಸ್ತಿಲಲ್ಲಿ ಓಟು ಕೇಳಲು ಹೊರಟರು, ಮೊದಲು ಸಾರಿಗೆ ಮತ್ತು ನೌಕಾಯಾನ, ಆಮೇಲೆ ಶಿಕ್ಷಣ ಖಾತೆ ಸಿಕ್ಕಿತು. ಪುಸ್ತಕದಲ್ಲಿ ಬರೆದದ್ದಕ್ಕೂ ಮಂತ್ರಿಯಾಗಿ ಮಾಡಿದ್ದಕ್ಕೂ ತಾಳೆ ಇತ್ತಾ? ಲೋಕಸಭೆಯ ಹಳೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ, ಹುಡುಕಿ. ಅವರು ಮಾಡಿದ ತಪ್ಪು ಸಿಕ್ಕಿದರೆ ಅದನ್ನೂ ಬರೆಯಿರಿ. ಎಂಟು ಪುಟದಲ್ಲಿ ಅವರು ಒಂದೇ ಒಂದು ಸಲವೂ ಎಡವಲಿಲ್ಲ ಅಂದರೆ ಯಾರು ನಂಬುತ್ತಾರೆ?

ಎಂಟು ಪುಟ ನಾಲ್ಕಾಗಲಿ. ‘ಭಾರತಾಂಬೆಯ ಮಡಿಲಲ್ಲಿ ಅರಳಿದ ಕುಸುಮ’ ಬೇಡ, 62 ರೂಪಾಯಿಯಿಂದಲೇ ಶುರು ಮಾಡಿ. ಪ್ರಶಸ್ತಿಗಳೆಲ್ಲ ಒಂದು ಬಾಕ್ಸ್‌ನಲ್ಲಿ ಹಾಕೋಣ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಕಳೆದ ಸಲದ ಹಾಗೆ ಪುಟದ ಫೋಟೋ ತೆಗೆದು ಕಳಿಸಬೇಡಿ. ಗುಣಕದ ಭಾಗವನ್ನು ಮೊದಲು ಬರೆದು ವಾಟ್ಸಾಪ್ ಮಾಡಿ, ನೋಡಿ ಹೇಳುತ್ತೇನೆ.