ಎಕೋದಲ್ಲಿ 'ಎಡ ಹೃತ್ಕುಕ್ಷಿ ದುಂಡಗಿದೆ' ಎಂದು ಬಂದರೆ

ಅಂಕೋಲಾದಿಂದ ನೀವು ಕೇಳಿದ್ದು: ಮಗಳಿಗೆ ನಾಲ್ಕನೇ ವರ್ಷಕ್ಕೆ ರಕ್ತದ ಕ್ಯಾನ್ಸರ್, ಕೀಮೋ ಮುಗಿದು ಆರು ವರ್ಷ. ಈಗಿನ ಎಕೋದಲ್ಲಿ (ಹೃದಯದ ಸ್ಕ್ಯಾನ್) ಇ.ಎಫ್. (ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬ ಅಂಕಿ) 58, ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ದುಂಡಗಿದೆ ಎಂದಿದೆ. ಹೃದಯ ಸೋಲುತ್ತಿದೆಯೇ?

ಇಷ್ಟರಿಂದಲೇ ಹಾಗೆನ್ನಲು ಬರುವುದಿಲ್ಲ. 58 ಸರಿಯಾದ ಅಂಕಿಯೇ. ಆದರೆ ದುಂಡಗಿದೆ ಎಂಬುದನ್ನು ಅಲ್ಲಿಗೇ ಬಿಡಬೇಡಿ.

ಎಡ ಹೃತ್ಕುಕ್ಷಿ ಬಾಳೆಹೂವಿನ ಹಾಗೆ ಉದ್ದ, ತುದಿ ಚೂಪು. ಅದರ ಸ್ನಾಯುವಿನ ಎಳೆಗಳು ಓರೆಯಾಗಿ ಸುತ್ತಿರುವುದರಿಂದ ಒದ್ದೆ ಬಟ್ಟೆ ಹಿಂಡಿದಂತೆ ರಕ್ತವನ್ನು ಹಿಂಡುತ್ತದೆ. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಎಂಬ ಕೀಮೋ ಔಷಧಗಳು ಹೃದಯದ ಸ್ನಾಯುಕೋಶಗಳನ್ನು ಕೊಲ್ಲಬಲ್ಲವು. ಹೋದ ಕೋಶಕ್ಕೆ ಬದಲಿ ಹುಟ್ಟುವುದು ತೀರಾ ಕಡಿಮೆ. ಮಗು ಬೆಳೆದರೂ ಗೋಡೆ ಅದಕ್ಕೆ ತಕ್ಕಷ್ಟು ದಪ್ಪವಾಗುವುದಿಲ್ಲ. ತೆಳು ಗೋಡೆ ಹಿಗ್ಗಿ ದುಂಡಗಾದರೆ ಎಳೆಗಳು ಅಡ್ಡಕ್ಕೆ ತಿರುಗಿ ಹಿಂಡುವ ಬಲ ತಗ್ಗುತ್ತದೆ. ಐದು ವರ್ಷ ತುಂಬುವ ಮೊದಲೇ ಈ ಔಷಧ ಪಡೆದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಪಾಯ ಹೆಚ್ಚು.

ಇನ್ನೊಂದು ಕಾರಣವೂ ಇರಬಹುದು. ಎದೆಯ ಮೇಲಿಡುವ ಎಕೋ ಉಪಕರಣ (ಪ್ರೋಬ್) ಸ್ವಲ್ಪ ಮೇಲೆ ಕೂತರೆ ಹೃದಯದ ತುದಿ ಚಿತ್ರದಲ್ಲಿ ಕತ್ತರಿಸಿಹೋಗಿ, ಸರಿಯಿರುವ ಹೃದಯವೂ ಗಿಡ್ಡಗೆ ದುಂಡಗೆ ಕಾಣುತ್ತದೆ. ಹಾಗಾಗಿ ಮಕ್ಕಳ ಹೃದ್ರೋಗ ತಜ್ಞರಿಂದ ಮತ್ತೊಮ್ಮೆ ಎಕೋ ಮಾಡಿಸಿ, ಸ್ಟ್ರೇನ್ (ಜಿ.ಎಲ್.ಎಸ್., ಹಿಂಡುವಾಗ ಹೃದಯದ ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಅಳತೆ) ಅಳೆಯಲು ಕೇಳಿ. ಇ.ಎಫ್. ಇಳಿಯುವ ಮೊದಲೇ ಸ್ಟ್ರೇನ್ ಅಂಕಿ ತಗ್ಗುವುದುಂಟು. ಒಮ್ಮೆ ಮಣಿಪಾಲ, ಒಮ್ಮೆ ಹುಬ್ಬಳ್ಳಿ, ಒಮ್ಮೆ ಗೋವಾ ಎಂದು ಅಲೆದರೆ ಅಂಕಿಗಳನ್ನು ತಾಳೆ ಹಾಕಲಾಗದು. ಒಂದೇ ಕಡೆ ಹೋಗಿ. ಹಳೆಯ ಎಕೋದ ಕಾಗದ ಮಾತ್ರವಲ್ಲ, ಸಿ.ಡಿ.ಯೂ ಜೊತೆಗಿರಲಿ.

ನಾನಾದರೆ ಮೊದಲು ನೋಡುವುದು ಆ ಕೀಮೋ ಔಷಧಗಳ ಒಟ್ಟು ಡೋಸ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಿಲಿಗ್ರಾಂ ಮಾತ್ರ ಇದ್ದರೆ ಆಗಿನ ಎತ್ತರ, ತೂಕ ಹುಡುಕಿ. ಉದಾಹರಣೆಗೆ, 100 ಸೆಂ.ಮೀ., 16 ಕೆ.ಜಿ. ಗುಣಿಸಿ 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೈಯ ವಿಸ್ತೀರ್ಣ 0.67 ಚದರ ಮೀಟರ್. 17 ಮಿ.ಗ್ರಾಂ. ಡೋಸ್ ಅಂದರೆ ಚದರ ಮೀಟರಿಗೆ ಸುಮಾರು 25 ಮಿ.ಗ್ರಾಂ. ಆರು ಸಲ ಕೊಟ್ಟಿದ್ದರೆ 150. ಈಗಿನ ತೂಕದಿಂದ ಲೆಕ್ಕ ಹಾಕಿದರೆ ಡೋಸ್ ಸುಳ್ಳೇ ಕಡಿಮೆ ಬರುತ್ತದೆ. ಒಟ್ಟು ಡೋಸ್ ಡಾಕ್ಸೊರುಬಿಸಿನ್ ಲೆಕ್ಕದಲ್ಲಿ (ಬೇರೆ ಔಷಧವಿದ್ದರೆ ಅದನ್ನು ಅದಕ್ಕೆ ಸಮನಾಗಿ ಬದಲಿಸಿ) ಚದರ ಮೀಟರಿಗೆ 250 ಮಿ.ಗ್ರಾಂ. ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ, 100ರಿಂದ 250ರವರೆಗೆ ಐದು ವರ್ಷಕ್ಕೊಮ್ಮೆ ಎಕೋ ಬೇಕು, ಜೀವನಪೂರ್ತಿ. ಎದೆಗೆ ರೇಡಿಯೇಷನ್ ಆಗಿದ್ದರೆ ಅಪಾಯ ಇನ್ನೂ ಮೇಲೆ. ನಿಮ್ಮ ಮಗಳಿಗೆ ಆಕಾರದ ಸುಳಿವು ಸಿಕ್ಕಿರುವುದರಿಂದ ಅಷ್ಟು ಕಾಯುವುದು ಬೇಡ.

ಆಟ ನಿಲ್ಲಿಸಬೇಡಿ, ಉಸಿರು ಬಿಗಿಹಿಡಿದು ಭಾರ ಎತ್ತುವುದನ್ನು ಮಾತ್ರ ಡಾಕ್ಟರನ್ನು ಕೇಳದೆ ಬೇಡ. ಮೆಟ್ಟಿಲಲ್ಲಿ ಏದುಸಿರು, ಕಾಲು ಊತ, ಮಲಗಿದರೆ ಕೆಮ್ಮು ಬಂದರೆ ಕೂಡಲೇ ತೋರಿಸಿ. ಮಕ್ಕಳಲ್ಲಿ ಹೃದಯ ಸೋತಾಗ ಹೊಟ್ಟೆನೋವು, ವಾಂತಿಯೂ ಆಗುತ್ತದೆ. ಗ್ಯಾಸ್ಟ್ರಿಕ್ ಎಂದು ಯಾರಾದರೂ ಮಾತ್ರೆ ಬರೆದರೆ, ಕೀಮೋ ಆಗಿದ್ದ ವಿಷಯ ನೀವೇ ಬಾಯಿಬಿಟ್ಟು ಹೇಳಿ.